ಒಗೆಯುವ ಕಲ್ಲಿನ ಮಗ್ಗುಲ ಗಿಡ

ನಮ್ಮ ಮನೆಯ ಕರಿಬೇವಿನ ಗಿಡ ಈಗ ಪೊಲೀಸ್ ಸ್ಟೇಷನ್ನಿನ ಹಿತ್ತಲಲ್ಲಿದೆ. ಹೋದ ಸೋಮವಾರದ ತನಕ ನಮ್ಮ ಬಾವಿಕಟ್ಟೆಗೆ ಆತುಕೊಂಡು ನಿಂತಿತ್ತು. ಮಧ್ಯಾಹ್ನ ಎರಡಕ್ಕೆ ಮಿಲ್ಲಿನ ಭೋಂಗಾ ಕೂಗಿತು, ಬಾಗಿಲು ಹಾಕಿಕೊಂಡು ಮಲಗಿದೆವು. ಮೂರೂವರೆಯ ಭೋಂಗಾಕ್ಕೆ ಎದ್ದು ಬಂದು ನೋಡಿದರೆ ಕಟ್ಟೆಯ ಬುಡದಲ್ಲಿ ಒಂದು ಹಿಡಿ ಸಡಿಲ ಮಣ್ಣು, ಅಷ್ಟೇ. ಅತ್ತು ಕರೆದು ಮಾಡುವಂಥದ್ದೇನಲ್ಲ. ಒಗ್ಗರಣೆಗೆ ಬೇಕಾದಾಗ ಹೋಗಿ ಹವಾಲ್ದಾರರನ್ನು ಕೇಳಿ ನಾಲ್ಕು ಎಲೆ ತರುತ್ತೇನೆ. "ನಿಮ್ಮ ಮಗಳು ಇಲ್ಲಿ ಆರಾಮ ಅದಾಳ್ರಿ ಗೋದಕ್ಕ" ಎಂದು ಅವರು ನಗುತ್ತಾರೆ. ಅದರ ಬದಲಿಗೆ ನಮ್ಮ ಅಂಗಳಕ್ಕೆ ಯಾರದೋ ಮನೆಯ ಅಬ್ಬಲಿಗೆ ಬಂದು ನಿಂತಿದೆ. ಅದರ ಹೂವನ್ನು ನಾನು ಮುಡಿಯುತ್ತೇನೆ. ಯಾರದೆಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ.

ನಮ್ಮ ಊರಿನಲ್ಲಿ ಮರಗಳು ಮಾತ್ರ ಇದ್ದಲ್ಲೇ ಇರುತ್ತವೆ. ಗಿಡ, ಬಳ್ಳಿ, ಹುಲ್ಲು, ಕಳೆ ಇವೆಲ್ಲ ಮನಸ್ಸು ಬಂದಾಗ ಮನೆ ಬದಲಿಸುತ್ತವೆ. ಯಾರಾದರೂ ನೋಡುತ್ತಿದ್ದರೆ ಮಾತ್ರ ಕದಲುವುದಿಲ್ಲ. ಅದಕ್ಕೆಂದೇ ಎರಡರಿಂದ ಮೂರೂವರೆಯವರೆಗೆ ಇಡೀ ಊರು ಕದ ಮುಚ್ಚಿ ಮಲಗುತ್ತದೆ. ಆ ಹೊತ್ತಿನಲ್ಲಿ ಬರುವ ಬಸ್ಸು ಊರ ಹೊರಗೆ ನಾಕಾದಲ್ಲೇ ನಿಂತು ಪರದೆ ಇಳಿಸಿಕೊಳ್ಳುತ್ತದೆ. ಗಿಡಗಳಿಗೆ ಒಂದೂವರೆ ತಾಸು ಬಿಟ್ಟುಕೊಟ್ಟರೆ ಉಳಿದ ಇಪ್ಪತ್ತೆರಡೂವರೆ ತಾಸು ಅವು ನಮ್ಮ ಮಾತು ಕೇಳಿಕೊಂಡು ಇರುತ್ತವೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಬಲವಂತ ಮಾತ್ರ ನಡೆಯುವುದಿಲ್ಲ. ಬೇಕೆಂದು ತಂದು ನೆಟ್ಟ ಗಿಡ, ಕುಂಡದಲ್ಲಿಟ್ಟ ಗಿಡ, ಆ ದಿನವೇ ಮಧ್ಯಾಹ್ನ ಎದ್ದು ನಡೆಯುತ್ತದೆ.

ಜನ ಸುಮ್ಮನೆ ಇರುತ್ತಾರೆಯೇ? ಗಿಡ ಯಾಕೆ ಹೋಯಿತು ಎಂಬುದಕ್ಕೆ ಎಲ್ಲರ ಹತ್ತಿರವೂ ಒಂದೊಂದು ಕಾರಣ. ಆ ಮನೆಯಲ್ಲಿ ಜಗಳವಂತೆ, ಈ ಮನೆಯಲ್ಲಿ ಮುದುಕಿಗೆ ಸರಿಯಾಗಿ ಅನ್ನ ಹಾಕುವುದಿಲ್ಲವಂತೆ. ಒಂದೂ ಗಿಡ ಉಳಿಯದ ಮನೆಗೆ 'ಬೋಳು ಮನೆ' ಎಂಬ ಹೆಸರು ಬಿತ್ತೆಂದರೆ ಆಯಿತು, ಹೆಣ್ಣು ಕೊಡುವವರು ತರುವವರು ಆ ಓಣಿಯನ್ನೇ ಹಾಯುವುದಿಲ್ಲ.

ಕಾರಣ ಗೊತ್ತಿಲ್ಲ ಎಂದು ಹೇಳುತ್ತಿದ್ದವರು ಊರಿಗೆಲ್ಲ ಒಬ್ಬರೇ, ನನ್ನ ಗಂಡ. ಹೆಸರು ಜ್ಞಾನೋಬ. ಗಂಡನ ಹೆಸರು ಹೇಳಬಾರದೆನ್ನುತ್ತಾರೆ, ಆದರೆ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಕಸುಬು ಟೇಲರಿಂಗ್, ಹುಚ್ಚು ಗಿಡದ್ದು. ಇಪ್ಪತ್ತೆರಡು ವರ್ಷದಿಂದ ಊರಿನ ಒಂದೊಂದು ಗಿಡದ ಒಂದೊಂದು ರೆಂಬೆ ತಂದು, ಹಳೆಯ ಪೇಪರಿನ ನಡುವೆ ಇಟ್ಟು, ಇಸ್ತ್ರಿ ಪೆಟ್ಟಿಗೆಯ ಕೆಳಗೆ ಒಣಗಿಸಿ, ದಪ್ಪ ಹಾಳೆಗೆ ಸೂಜಿದಾರದಿಂದ ಹೊಲಿದು ಬುಕ್ಕು ಮಾಡಿದ್ದಾರೆ. ಗಿರಾಕಿಗಳ ಬ್ಲೌಸು ಬುಟ್ಟಿಯಲ್ಲಿ ಮುದುಡಿ ಬಿದ್ದಿರುತ್ತದೆ, ಇಸ್ತ್ರಿಯ ಸುಖ ಮೊದಲು ಉತ್ತರಾಣಿ ಕಡ್ಡಿಗೆ. ಎಲೆ ಅಳೆಯುವುದು ಕೊರಳಲ್ಲಿನ ಟೇಪಿನಿಂದ. ಬರೆಯುವುದೂ ತಮ್ಮ ಭಾಷೆಯಲ್ಲೇ. ತುಂಬೆಯ ಹೂವಿಗೆ 'ಪಫ್ ತೋಳು' ಎಂದು ಬರೆದಿದ್ದಾರೆ. ನೆಲನೆಲ್ಲಿಯ ಹಾಳೆಯಲ್ಲಿ 'ಕಡ್ಡಿಯ ಕೆಳಮಗ್ಗುಲಿಗೆ ಸಾಲಾಗಿ ಗುಂಡಿ ಹಚ್ಚಿದೆ, ಕಾಜಾ ಇಲ್ಲ' ಎಂದಿದೆ. ಹಾಳೆಯಲ್ಲಿ 'ಸಿಕ್ಕ ಜಾಗ' ಎಂದು ಗೆರೆ ಎಳೆದ ಮನೆಯಲ್ಲಿ ಮಾತ್ರ ಅವರ ಪಾಡು ಯಾರಿಗೂ ಬೇಡ. ಪೋಸ್ಟ್ ಆಫೀಸು ಎಂದು ಬರೆದು, ಹೊಡೆದು, ಬಾಳವ್ವನ ಹಿತ್ತಲು ಎಂದು ಬರೆದು, ಹೊಡೆದು, ಮತ್ತೆ ಪೋಸ್ಟ್ ಆಫೀಸು ಎಂದು ಬರೆದು, ಕೊನೆಗೆ ಕಾಗದವೇ ತೂತು ಬೀಳುತ್ತಿತ್ತು.

ಐದು ವರ್ಷದ ಹಿಂದೆ ಧೈರ್ಯ ಮಾಡಿ ಹತ್ತು ಹಾಳೆಗಳನ್ನು ದೂರದ ಊರಿನ ಕಾಲೇಜಿನ ಸಸ್ಯಶಾಸ್ತ್ರದ ಮಾಸ್ತರರೊಬ್ಬರಿಗೆ ಕಳಿಸಿದ್ದರು. ತಿಂಗಳ ಮೇಲೆ ವಾಪಸು ಬಂದವು. ಮೇಲೆ ಒಂದು ಚೀಟಿ: 'ಗಿಡಗಳು ಹೀಗೆ ಜಾಗ ಬದಲಿಸುವುದಿಲ್ಲ. ಕಣ್ಣಾರೆ ನೋಡದೆ ಬರೆದಂತಿದೆ. ಹೊಲಿಗೆ ಚೆನ್ನಾಗಿದೆ.' ನಮ್ಮವರು ಹನ್ನೊಂದು ದಿನ ಗಿಡ ಮುಟ್ಟಲಿಲ್ಲ. ಹೇಳಿದ ದಿನಕ್ಕೆ ಬಟ್ಟೆ ಹೊಲಿದುಕೊಟ್ಟರು. ಗಿರಾಕಿಗಳು ಗಾಬರಿಯಾಗಿ ಮನೆಗೇ ಬಂದು, "ಟೇಲರ್‌ಗೆ ಮೈಯಾಗ ಆರಾಮ ಇಲ್ಲೇನ್ರಿ?" ಎಂದು ನನ್ನನ್ನು ಕೇಳಿದರು. ಹನ್ನೆರಡನೆಯ ದಿನ ಮತ್ತೆ ಚೀಲ ಹೆಗಲಿಗೇರಿತು. ಆದರೆ ಅಂದಿನಿಂದ ಒಂದು ವ್ರತ ಹಿಡಿದರು. ಕಣ್ಣಾರೆ ನೋಡದ್ದನ್ನು ಬರೆಯುವುದಿಲ್ಲ, ಗಿಡವನ್ನು ಹಾಳೆಗೆ ಹೊಲಿಯದೆ ಅದರ ಹೆಸರನ್ನು ಬುಕ್ಕಿನಲ್ಲಿ ಏರಿಸುವುದಿಲ್ಲ.

ಈ ವ್ರತ ಮುಂದೆ ನಮ್ಮ ಮನೆಯಲ್ಲೇ ಬೆಂಕಿ ಹಚ್ಚಿತು.

ಒಂದು ಗುರುವಾರ ಬೆಳಿಗ್ಗೆ ನೀಲಗಂಗಾ ಅಂಗಡಿಗೆ ಬಂದಳು. ಸರಕಾರಿ ದವಾಖಾನೆಯಲ್ಲಿ ನರ್ಸು, ಲೈನ್‌ಮನ್ ಬಸವಣ್ಣೆಪ್ಪನವರ ಒಬ್ಬಳೇ ಮಗಳು. ಕೈಯಲ್ಲೊಂದು ಬ್ಲೌಸ್ ಪೀಸು ಹಿಡಿದಿದ್ದಳು, ಆದರೆ ಅಳತೆ ಕೊಡುವ ಮನಸ್ಸು ಕಾಣಲಿಲ್ಲ. ಕಾಜಾ ಹಾಕುತ್ತ ಕೂತಿದ್ದ ನನ್ನ ಪಕ್ಕ ಬಂದು ಕುಳಿತುಬಿಟ್ಟಳು.

"ಕಾಕು, ಮಲ್ಲೇಶಿ ಅವರ ಅವ್ವ ಒಲ್ಲೆ ಅಂದ್ರು."

ಮಲ್ಲೇಶಿ ಅದೇ ದವಾಖಾನೆಯ ಕಂಪೌಂಡರ್. ಇಬ್ಬರ ಮನಸ್ಸೂ ಒಂದಾಗಿ ಮೂರು ವರ್ಷವಾಗಿತ್ತು. ಇದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಹುಡುಗನ ತಾಯಿ ಶಿವಗಂಗವ್ವ ಮೇಲಿನ ಓಣಿಯವರು, ಮಾತಿನಲ್ಲಿ ಖಡಕ್ಕು.

"ಯಾಕಂತ?"

"ನಮ್ಮದು ಬೋಳು ಮನಿ ಅಂತ. ಗರಿಕಿ ಸೈತ ನಿಲ್ಲದ ಮನಿ ಹುಡುಗಿ ನಮ್ಮನ್ಯಾಗ ನಿಂತಾಳೇನು ಅಂತ ಕೇಳಿದ್ರಂತ." ಅವಳು ಬ್ಲೌಸ್ ಪೀಸನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. "ಕಡೀಕ ಒಂದು ಮಾತು ಅಂದಾರ. ಒಂದ ಒಂದು ಗಿಡ ನಮ್ಮ ಅಪ್ಪನ ಮನ್ಯಾಗ ಒಂದು ವರ್ಷ ನಿಂತಿತ್ತು ಅಂತ ಟೇಲರ್ ಕಾಕಾನ ಬುಕ್ಕಿನಾಗ ಇದ್ರ ಒಪ್ತೇನಿ ಅಂತ."

ಇಪ್ಪತ್ತೆರಡು ವರ್ಷ ಆ ಬುಕ್ಕನ್ನು ನೋಡಿ ನಗದವರು ಊರಲ್ಲಿ ಇರಲಿಲ್ಲ. ಈಗ ಒಂದು ಮದುವೆ ಅದರ ಮೇಲೆ ಬಂದು ನಿಂತಿತ್ತು. ನಮ್ಮವರ ಮುಖ ಒಂದು ಕ್ಷಣ ಹೊಳೆಯಿತು. ಬುಕ್ಕು ತೆಗೆದರು, ಹಾಳೆ ತಿರುವಿದರು, ಹೊಳಪು ಇಳಿಯುತ್ತ ಬಂತು. ಬಸವಣ್ಣೆಪ್ಪನವರ ಮನೆಯ ಹೆಸರಿನಲ್ಲಿ ಏಳು ವರ್ಷದಿಂದ ಒಂದು ಎಸಳೂ ಇರಲಿಲ್ಲ. ನೀಲಗಂಗಾಳ ತಾಯಿ ಈರವ್ವ ತೀರಿಕೊಂಡ ವರ್ಷ ದಾಸವಾಳ ಹೋಯಿತು, ಆಮೇಲೆ ತುಳಸಿ, ಆಮೇಲೆ ಮಲ್ಲಿಗೆ. ಅಲ್ಲಿಗೆ ಮುಗಿಯಿತು. ಅಪ್ಪನ ಬಾಯಿಗೆ ಹೆದರಿ ಓಡಿದವು ಎಂದು ಊರು ತೀರ್ಮಾನಿಸಿತ್ತು. ಬಸವಣ್ಣೆಪ್ಪನವರು ಮೂವತ್ತೈದು ವರ್ಷ ಕಂಬದ ಮೇಲಿಂದಲೇ ಕೆಳಗಿನವರೊಂದಿಗೆ ಮಾತಾಡಿದವರು. ರಿಟೈರ್ ಆಗಿ ನೆಲಕ್ಕಿಳಿದ ಮೇಲೂ ದನಿ ಕಂಬದ ಮೇಲೇ ಉಳಿದಿತ್ತು. ಅದೂ ಈ ಏಳು ವರ್ಷದಲ್ಲಿ ಹಾಲು ಹಾಕುವವಳಿಂದ ಹಿಡಿದು ಹಾದಿಯ ನಾಯಿಯ ತನಕ ಅವರಿಂದ ಬೈಸಿಕೊಳ್ಳದವರಿಲ್ಲ.

"ಇಲ್ಲವ್ವ ತಂಗಿ" ಎಂದರು ನಮ್ಮವರು, ಬುಕ್ಕು ಮುಚ್ಚುತ್ತ.

ಹುಡುಗಿ ಬ್ಲೌಸ್ ಪೀಸನ್ನು ಅಲ್ಲೇ ಮರೆತು ಎದ್ದು ಹೋದಳು. ಅವಳು ಓಣಿ ತಿರುಗುವ ತನಕ ತಡೆದುಕೊಂಡು ನಾನು ಬಾಯಿ ತೆಗೆದೆ.

"ಒಂದ ಸಾಲು ಬರದ್ರ ನಿಮ್ಮ ಕೈ ಸವೀತಿತ್ತೇನು? ತುಂಬಿ ಗಿಡ, ಒಂದು ವರ್ಷ, ಹಿತ್ತಲ. ಮುಗೀತು!"

"ನೋಡದ್ದನ್ನ ಹೆಂಗ ಬರೀಲಿ?"

"ಹೇಳಿದ ದಿನಕ್ಕ ಬಟ್ಟಿ ಕೊಡ್ತೇನಿ ಅಂತ ದಿನಾ ಹತ್ತು ಮಂದಿಗೆ ಹೇಳ್ತೀರಲ್ಲ, ಅದೇನು ನೋಡಿ ಹೇಳೋದೇನು?"

ಅವರು ಟೇಪು ತೆಗೆದು ಮಷೀನಿನ ಮೇಲಿಟ್ಟರು. "ಬಟ್ಟೀ ಮಾತು ಬ್ಯಾರೆ. ಬುಕ್ಕಿನಾಗ ಒಂದು ಸುಳ್ಳು ಸೇರಿದ್ರ, ಉಳಿದದ್ದೂ ಸುಳ್ಳು ಅಂತ ಆ ಮಾಸ್ತರ ಬರದದ್ದು ಖರೇ ಆಗ್ತೈತಿ" ಎಂದರು. ಅವತ್ತು ನಾನು ತಾಟು ಕುಕ್ಕಿ ಬಡಿಸಿದೆ, ಅವರು ಉಂಡು ಎದ್ದರು.

ಮರುದಿನ ನಾನೇ ಒಂದು ಕೆಲಸ ಮಾಡಿದೆ. ಹೇಳಿಕೊಳ್ಳಲು ನಾಚಿಕೆ. ನಮ್ಮ ಅಂಗಳದ ತುಳಸಿಯನ್ನು ಬೇರುಸಹಿತ ಎಬ್ಬಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಬಸವಣ್ಣೆಪ್ಪನವರ ಮುಂಬಾಗಿಲ ಪಕ್ಕ ನೆಟ್ಟು ಬಂದೆ. ಮೂರೂವರೆಗೆ ಹೋಗಿ ನೋಡಿದರೆ ತುಳಸಿ ಇರಲಿಲ್ಲ. ಸಂಜೆ ಅದು ನಮ್ಮ ಅಂಗಡಿಯ ಮೆಟ್ಟಿಲ ಮುಂದೆ, ಎಲ್ಲರಿಗೂ ಕಾಣುವ ಹಾಗೆ, ಚಾಡಿ ಹೇಳಲು ಬಂದಂತೆ ನಿಂತಿತ್ತು. ನಮ್ಮವರು ಅದನ್ನು ನೋಡಿದರು, ನನ್ನ ಉಗುರಿನ ಸಂದಿಯ ಮಣ್ಣನ್ನು ನೋಡಿದರು. "ನಾಳೆ ನಾನ ಹೋಗಿ ಅವರ ಮನಿ ಪೂರಾ ನೋಡ್ತೇನಿ. ಇದ್ರ ಸಿಗ್ತೈತಿ" ಎಂದರು.

ಮೊದಲ ದಿನ ಬಸವಣ್ಣೆಪ್ಪನವರು ಅವರನ್ನು ಕಟ್ಟೆಯ ಮೇಲಿಂದಲೇ ಬೈದು ಕಳಿಸಿದರು. ಎರಡನೆಯ ದಿನ ಬೈಯುತ್ತಲೇ ಅಂಗಳ, ಪಡಸಾಲೆ, ಅಡುಗೆಮನೆ ತೋರಿಸಿದರು. ಒಲೆಯ ಹಿಂದೆ ಬೂದಿ, ನೀರಿನ ಹಂಡೆಯ ಕೆಳಗೆ ಒಂದು ಕಪ್ಪೆ. ಗಿಡವಿಲ್ಲ. ಮೂರನೆಯ ದಿನ ಕೆಲಸ ಬಿಟ್ಟು ನಾನೂ ಜೊತೆಗೆ ಹೋದೆ. ಉಳಿದದ್ದು ಹಿತ್ತಲೊಂದೇ. ನೆಲಕ್ಕೆಲ್ಲ ಚಪ್ಪಡಿ ಹಾಸಿ, ಗೋಡೆಗೆ ಬೆಳ್ಳಗೆ ಸುಣ್ಣ ಬಳಿದ ಸಣ್ಣ ಹಿತ್ತಲು. ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಮಗ್ಗುಲಿಗೆ ಬೋರಲು ಹಾಕಿದ ಒಂದು ಒಡಕು ಗಡಿಗೆ. ಬಸವಣ್ಣೆಪ್ಪನವರು ನಮಗಿಂತ ಮೊದಲು ಹೋಗಿ ಆ ಕಲ್ಲಿನ ಮೇಲೆ ಕುಳಿತುಬಿಟ್ಟರು.

"ನೋಡು ಟೇಲರ್, ಎಷ್ಟು ನೋಡ್ತೀ ನೋಡು. ಏನೂ ಇಲ್ಲ ಇಲ್ಲಿ."

ನಮ್ಮವರು ಗೋಡೆಯ ಬುಡ ಹಿಡಿದು ಒಂದೊಂದೇ ಗೇಣು ಸರಿಯುತ್ತ ಬಂದರು. ಕಲ್ಲಿನ ಹತ್ತಿರ ಬಂದು ನಿಂತರು.

"ಅಣ್ಣಾರ, ಸ್ವಲ್ಪ ಏಳ್ರಿ."

"ಏಳಂಗಿಲ್ಲ."

"ಹಂಗಾರ ಆ ಗಡಿಗಿ ಸರಸ್ರಿ."

"ಸರಸಂಗಿಲ್ಲ ಅಂದ್ನೆಲ್ಲ!" ಪಕ್ಕದ ಮನೆಯ ಗೋಡೆಯ ಮೇಲಿದ್ದ ಬೆಕ್ಕು ಹಾರಿ ಓಡಿತು.

ನಮ್ಮವರು ಮಾತು ಬೆಳೆಸಲಿಲ್ಲ. ಚಪ್ಪಡಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಗಡಿಗೆಯ ಪಕ್ಕದ ಗೋಡೆಯನ್ನು ದಿಟ್ಟಿಸಿದರು. ಕೊರಳಪಟ್ಟಿಯಿಂದ ಸೂಜಿ ತೆಗೆದು ಅದರ ಮೊನೆಯಿಂದ ಸುಣ್ಣದ ಅಂಚನ್ನು ಮುಟ್ಟಿ ಏನೋ ಎಣಿಸತೊಡಗಿದರು. ಗೋಡೆಯ ಉಳಿದ ಭಾಗವೆಲ್ಲ ನುಣ್ಣಗಿತ್ತು. ಗಡಿಗೆಯ ಹಿಂದೆ ಮಾತ್ರ ಸುಣ್ಣ ಒಂದು ಕಡೆ ಬಂದು ನಿಂತು, ಅಂಗೈಯಗಲದ ಜಾಗವನ್ನು ಬಳಸಿಕೊಂಡು ಹೋಗಿತ್ತು. ಆ ಅಂಚಿನಲ್ಲಿ ಮಡಚಿದ ಬಟ್ಟೆಯ ಪದರಗಳಂತೆ ಒಂದರ ಮೇಲೊಂದು ಸುಣ್ಣದ ಪದರ.

"ಏಳು ಪದರ" ಎಂದರು ನಮ್ಮವರು, ಮಲಗಿದಲ್ಲಿಂದಲೇ. "ದೀಪಾವಳಿಗೊಮ್ಮೆ ಸುಣ್ಣ ಹಚ್ತೀರಿ. ಏಳು ದೀಪಾವಳಿ ಈ ಜಾಗ ಬಿಟ್ಟು ಹಚ್ಚೀರಿ. ಯಾಕ್ರಿ ಅಣ್ಣಾರ?"

ಮೊದಲ ಸಲ ಬಸವಣ್ಣೆಪ್ಪನವರ ದನಿ ಕಂಬದಿಂದ ಇಳಿದು ಬಂತು.

"ತೋರಿಸಿದ್ರ ನೀ ಕಿತ್ಕೊಂಡು ಹೋಗಿ ಕಾಗದಕ್ಕ ಹೊಲೀತೀ. ಊರಾಗಿನ ಯಾವ ಗಿಡಾ ಬಿಟ್ಟೀ ನೀನು?"

ಆಮೇಲೆ ತಾವೇ ಬಾಗಿ ಗಡಿಗೆ ಎತ್ತಿದರು. ಗೋಡೆ ನೆಲಕ್ಕೆ ಕೂಡುವ ಸಂದಿಯಲ್ಲಿ, ನನ್ನ ಕಿರುಬೆರಳಿನಷ್ಟು ಎತ್ತರದ ಒಂದು ಗಿಡ. ಸಾಸಿವೆ ಕಾಳಿನಷ್ಟು ದಪ್ಪನೆಯ ಎಲೆಗಳು, ಎಣಿಸಿದರೆ ಹನ್ನೊಂದು. ಹೂವಿಲ್ಲ, ವಾಸನೆಯಿಲ್ಲ. ಹಾದಿಯಲ್ಲಿ ಕಂಡಿದ್ದರೆ ನಾನು ತುಳಿದುಕೊಂಡು ಹೋಗುತ್ತಿದ್ದೆ. ನಮ್ಮವರು ಮಾತ್ರ ಉಸಿರು ಬಿಡುವುದನ್ನೇ ಮರೆತರು. ಇಪ್ಪತ್ತೆರಡು ವರ್ಷದಲ್ಲಿ, ಮುನ್ನೂರ ಹನ್ನೊಂದು ಹಾಳೆಗಳಲ್ಲಿ, ಅಂಥದ್ದು ಇರಲಿಲ್ಲ.

ನೀಲಗಂಗಾಳಿಗೂ ಇದು ಗೊತ್ತಿರಲಿಲ್ಲ. ಅವಳು ದಿನವೂ ಬೆಳಿಗ್ಗೆ ಡ್ಯೂಟಿಗೆ ಹೋದರೆ ಬರುವುದು ಸಂಜೆಗೆ. ಅವ್ವ ಬಟ್ಟೆ ಒಗೆಯುತ್ತಿದ್ದ ಜಾಗವೆಂದು ಅಪ್ಪ ಅಲ್ಲಿ ಕೂರುತ್ತಾನೆ, ಒಡಕು ಗಡಿಗೆಯನ್ನೂ ಅದಕ್ಕೇ ಎಸೆದಿಲ್ಲ ಎಂದುಕೊಂಡಿದ್ದಳಂತೆ.

ಗಿಡ ಸಿಕ್ಕಿತು, ಆದರೆ ವ್ರತ ಅಡ್ಡ ಬಂತು. ಹೊಲಿಯದೆ ಬುಕ್ಕಿಗೆ ಏರಿಸುವಂತಿಲ್ಲ. ಹೊಲಿಯಬೇಕೆಂದರೆ ಕೀಳಬೇಕು, ಕಿತ್ತರೆ ಊರಿಗೆಲ್ಲ ಇರುವ ಒಂದೇ ಒಂದು ಹೋಯಿತು. ಒಂದು ಎಲೆಯನ್ನಾದರೂ ಕೇಳಬಹುದಿತ್ತು, ಆದರೆ ಹನ್ನೊಂದರಲ್ಲಿ ಒಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಕೈಯಲ್ಲಿ ಟೇಪು ಸುತ್ತುತ್ತ, ಬಿಚ್ಚುತ್ತ ನಡೆದರು. ಅಂಗಡಿಯ ಬಾಗಿಲಲ್ಲಿ ನಿಂತು, ಮೂರು ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಕೇಳಿದರು.

"ಗೋದಾ, ನೀ ಕಸೂತಿ ತಗೀತಿದ್ದಿ ಅಲ್ಲ?"

ಮದುವೆಗೆ ಮೊದಲು ತೆಗೆಯುತ್ತಿದ್ದೆ. ಇಳಕಲ್ ಸೀರೆಯ ಸೆರಗಿಗೆ ಆನೆ, ನವಿಲು, ತುಳಸಿಕಟ್ಟೆ. ಮದುವೆಯಾದ ಮೇಲೆ ಬರೀ ಕಾಜಾ, ಗುಂಡಿ, ಹೆಮ್ಮಿಂಗ್. ಕಸೂತಿಯ ಸೂಜಿ ಎಲ್ಲಿಟ್ಟಿದ್ದೇನೆಂದು ಹುಡುಕಲು ಅರ್ಧ ತಾಸು ಬೇಕಾಯಿತು.

ನೀಲಗಂಗಾ ಮರೆತು ಹೋದ ಬ್ಲೌಸ್ ಪೀಸಿನ ಮೂಲೆಯ ತುಂಡು ತೆಗೆದುಕೊಂಡು ಎರಡು ಬೆಳಿಗ್ಗೆ ಆ ಹಿತ್ತಲಲ್ಲಿ ಕುಳಿತೆ. ನಮ್ಮವರು ಭೂತಕನ್ನಡಿ ಹಿಡಿದು ಒಂದೊಂದಾಗಿ ಹೇಳುತ್ತಿದ್ದರು. "ಬಲಕ್ಕ ಎರಡು ಎಲಿ, ಎದುರಾ ಬದುರಾ. ಅಂಚು ನುಣುಪು, ಪೈಪಿಂಗ್ ಮಾಡಿದಂಗ. ತುದಿ ಚೂಪಲ್ಲ, ಕೂಸಿನ ಅಂಗೀ ಕಾಲರ್ ಇದ್ದಂಗ ದುಂಡಗ." ಬಸವಣ್ಣೆಪ್ಪನವರು ಬೆನ್ನ ಹಿಂದೆ ನಿಂತು, "ಕಡ್ಡಿ ಅಷ್ಟು ದಪ್ಪ ಇಲ್ಲ, ಬಿಚ್ಚು. ಏ ತಂಗಿ, ಕೆಳಗಿನ ಎಲಿ ಅಷ್ಟು ಹಸರಿಲ್ಲ, ಸ್ವಲ್ಪ ಅರಿಶಿಣ ಐತಿ, ಕಣ್ಣು ಕಾಣ್ತೈತಿಲ್ಲೋ ನಿಂಗ!" ಎಂದು ಒಂದೊಂದು ಹೊಲಿಗೆಗೂ ಬೈದರು. ಅವರು ಹೇಳಿದ್ದೇ ಸರಿಯಿತ್ತು, ನಾಲ್ಕು ಸಲ ಬಿಚ್ಚಿದೆ.

"ಹೆಸರೇನು ಬರೀಲಿ ಅಣ್ಣಾರ?" ಎಂದು ನಮ್ಮವರು ಕೇಳಿದರು.

"ಹೆಸರ್ಯಾಕ? ಅದನ್ನ ಯಾರು ಕರೀಬೇಕಾಗೇತಿ?"

ಆ ಕಸೂತಿಯ ತುಂಡನ್ನು ಹೊಲಿದ ಮುನ್ನೂರ ಹನ್ನೆರಡನೆಯ ಹಾಳೆಯಲ್ಲಿ ಹೆಸರಿನ ಮನೆ ಖಾಲಿ ಉಳಿಯಿತು. 'ಸಿಕ್ಕ ಜಾಗ' ಎಂಬಲ್ಲಿ ಒಂದೇ ಸಾಲು, ಹೊಡೆದು ಹಾಕದ ಒಂದೇ ಸಾಲು: ಬಸವಣ್ಣೆಪ್ಪ ಲೈನ್‌ಮನ್ನರ ಹಿತ್ತಲು, ಒಗೆಯುವ ಕಲ್ಲಿನ ಮಗ್ಗುಲು, ಸುಣ್ಣದ ಪದರ ಏಳು.

ಶಿವಗಂಗವ್ವ ಬುಕ್ಕು ನೋಡಲು ಅಂಗಡಿಗೇ ಬಂದರು. ಭಾರಿ ಆಳು, ಕುರ್ಚಿ ಒಮ್ಮೆ ನರಳಿತು. ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಹಿಂದೆ ತಿರುಗಿಸಿ ಗಂಟು ನೋಡಿದರು.

"ಕೆಲಸ ಚಂದ ಐತಿ ಗೋದವ್ವ. ಆದ್ರ ಇದು ದಾರ. ಗಿಡ ಎಲ್ಲೈತಿ?"

"ಗಿಡ ಅದರ ಜಾಗದಾಗ ಐತ್ರಿ ಅಕ್ಕಾರ."

"ಹಂಗಾರ ನಡೀರಿ. ಒಂದು ಮಧ್ಯಾಹ್ನ ಅಲ್ಲೇ ಕುಂತು ಕಳೀತೇನಿ. ಇವತ್ತ ತಂದು ನೆಟ್ಟದ್ದಾದ್ರ ಮೂರೂವರಿಗೆ ಗೊತ್ತಾಗ್ತೈತಿ."

ಹೀಗೆ ಅವತ್ತು ಎರಡರ ಭೋಂಗಾ ಕೂಗಿದಾಗ ನಾವು ನಾಲ್ವರು ಆ ಸಣ್ಣ ಹಿತ್ತಲಲ್ಲಿ ಗೋಡೆಗೊರಗಿ ಕುಳಿತಿದ್ದೆವು. ಶಿವಗಂಗವ್ವ, ಬಸವಣ್ಣೆಪ್ಪನವರು, ನಮ್ಮವರು, ನಾನು. ಗಡಿಗೆ ತೆಗೆದು ಬದಿಗಿಟ್ಟಿತ್ತು. "ಎಲ್ಲಾರೂ ಕಣ್ಣು ಮುಚ್ರಿ" ಎಂದು ಶಿವಗಂಗವ್ವನೇ ಹುಕುಂ ಮಾಡಿದರು. ಮುಚ್ಚಿದೆವು. ಐದು ನಿಮಿಷಕ್ಕೆ ಅವರ ಗೊರಕೆ ಶುರುವಾಯಿತು.

ನನ್ನದು ಚಂಚಲ ಬುದ್ಧಿ. ಸುಮಾರು ಮೂರು ಗಂಟೆ ಇರಬೇಕು, ಒಂದೇ ಒಂದು ಕಣ್ಣನ್ನು, ದಾರ ಪೋಣಿಸುವಷ್ಟು ಮಾತ್ರ, ತೆರೆದೆ. ನಮ್ಮವರು ಎರಡೂ ಕಣ್ಣನ್ನು ಗಟ್ಟಿಯಾಗಿ ಹಿಂಡಿಕೊಂಡು, ಪರೀಕ್ಷೆಗೆ ಕೂತ ಹುಡುಗರ ಹಾಗೆ ಕೈ ಕಟ್ಟಿ ಕುಳಿತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಧ್ಯಾಹ್ನ ಕದ್ದು ನೋಡಿದ್ದರೆ ಎಷ್ಟೊಂದು ತಿಳಿಯುತ್ತಿತ್ತೋ! ನೋಡಿದವರಲ್ಲ. ಅವರ ಆಚೆಗೆ ಬಸವಣ್ಣೆಪ್ಪನವರು. ಅವರ ಕಣ್ಣು ತೆರೆದೇ ಇತ್ತು. ರೆಪ್ಪೆ ಬಡಿಯದೆ, ಬಿಸಿಲಿಗೆ ಕೆಂಪೇರಿದ ಎರಡೂ ಕಣ್ಣಿನಿಂದ ಆ ಗಿಡವನ್ನು ನೋಡುತ್ತಿದ್ದರು.

ನಾನು ನೋಡಿದ್ದು ಅವರಿಗೆ ಗೊತ್ತಾಯಿತು. ಬೇಡ ಎಂಬಂತೆ ತಲೆಯನ್ನು ಒಮ್ಮೆ ಆಡಿಸಿದರು, ಗಿಡದ ಮೇಲಿನ ಕಣ್ಣು ತೆಗೆಯದೆಯೇ. ನಾನು ಕಣ್ಣು ಮುಚ್ಚಿಕೊಂಡೆ.

ಮೂರೂವರೆಗೆ ಶಿವಗಂಗವ್ವ ಎದ್ದು, ಮೊಣಕಾಲೂರಿ ಬಗ್ಗಿ, ಗಿಡವನ್ನೂ ಸುಣ್ಣದ ಪದರವನ್ನೂ ಸೂಜಿ ಇಸಿದುಕೊಂಡು ತಾವೇ ಎಣಿಸಿದರು. ಏಳುವಾಗ ಅವರ ಮುಖ ಬೇರೆಯಾಗಿತ್ತು.

"ನಮ್ಮ ಅಂಗಳ ನೋಡಿ ಊರೆಲ್ಲ ಕಣ್ಣು ಬಿಡ್ತೈತಿ" ಎಂದರು ಮೆಲ್ಲಗೆ. "ನಾಕು ದಿನಕ್ಕೊಂದು ಬರ್ತಾವ, ನಾಕು ದಿನಕ್ಕ ಹೋಗ್ತಾವ. ಬಸ್ ಸ್ಟ್ಯಾಂಡ್ ಐತಿ ಅದು. ಏಳು ವರ್ಷ ನಿಂತದ್ದು ನಾ ಕಂಡಿಲ್ಲ." ಬಸವಣ್ಣೆಪ್ಪನವರ ಕಡೆ ತಿರುಗಿ, "ಮದುವಿ ದಿನಾ ಗೊತ್ತು ಮಾಡ್ರಿ ಬೀಗರ" ಎಂದರು.

ನಮ್ಮವರ ಸಂತೋಷಕ್ಕೆ ಪಾರವಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಮಾತ್ರ ಒಂದು ಗುಟ್ಟು ಕೂತುಬಿಟ್ಟಿತು. ಮರುದಿನ ನೆಪ ಮಾಡಿಕೊಂಡು ಬಸವಣ್ಣೆಪ್ಪನವರ ಮನೆಗೆ ಹೋದೆ.

"ಎಷ್ಟು ದಿನದಿಂದ ಹಿಂಗ ಕುಂದರ್ತೀರಿ ಅಣ್ಣಾರ?"

"ದಿನಾ."

"ಏಳು ವರ್ಷ?"

"ಅಕಿ ಹೋದ ಮ್ಯಾಲ ಒಂದೊಂದ ಎದ್ದು ಹೋದ್ವು. ಹೋಗ್ಲಿ ಬಿಡು ಅಂದೆ. ಇದು ಅಕಿ ಒಗ್ಯಾಣದ ನೀರಿಗೆ ಹುಟ್ಟಿದ್ದು. ಇದಕ್ಕ ಹೋಗ್ಲಿ ಅನ್ನಾಕ ಬರಲಿಲ್ಲ." ಕಣ್ಣುಜ್ಜಿಕೊಂಡರು. "ನಾ ನೋಡೋದು ಬಿಟ್ರ ಅದು ಹೋಗ್ತೈತಿ ತಂಗಿ. ನಂಗ ಗೊತ್ತೈತಿ."

ಆಗ ನನಗೆ ಒಂದು ತಿಳಿಯಿತು. ಇಡೀ ಊರು ದಿನಾ ಒಂದೂವರೆ ತಾಸು ನಿದ್ದೆ ತೆಗೆದು ನಗುನಗುತ್ತ ಏಳುವಾಗ, ಈ ಮನುಷ್ಯ ಏಳು ವರ್ಷ ಬಿಸಿಲಿನಲ್ಲಿ ಕಣ್ಣು ಬಿಟ್ಟುಕೊಂಡು ಕೂತರೆ ಹಾಲಿನವಳಿಗೆ ಬೈಯದೆ ಮತ್ತೇನು ಮಾಡಿಯಾನು? ಈ ಮಾತನ್ನು ನಮ್ಮವರಿಗೆ ಹೇಳಲಿಲ್ಲ. ಹೇಳಿದ್ದರೆ ಬರೆದುಬಿಡುತ್ತಿದ್ದರು.

ತಿಂಗಳೊಳಗೆ ಮದುವೆ. ಅಕ್ಷತೆ ಬೀಳುವಾಗ ಹನ್ನೆರಡೂವರೆ. ಊಟದ ಪಂಕ್ತಿ ತಡವಾಯಿತು. ಬಸವಣ್ಣೆಪ್ಪನವರು ಬಡಿಸುವವರಿಗೆ ಬೈಯುತ್ತ, ಗಡಿಯಾರ ನೋಡುತ್ತ, ಬಾಗಿಲ ಕಡೆ ಹೆಜ್ಜೆ ಹಾಕುತ್ತ ಇದ್ದರು. ಹೆಣ್ಣಿನ ತಂದೆಯನ್ನು ಬಿಡುವವರು ಯಾರು? ಒಬ್ಬರು ಕೈ ಹಿಡಿದು ಹುಗ್ಗಿಗೆ ಕೂರಿಸಿದರು, ಇನ್ನೊಬ್ಬರು ಉಡುಗೊರೆಯ ಆಹೇರಿ ಟವೆಲ್ಲು ಹೊದಿಸಲು ನಿಲ್ಲಿಸಿದರು. ಅಷ್ಟರಲ್ಲಿ ಎರಡರ ಭೋಂಗಾ ಕೂಗಿತು. ಕಲ್ಯಾಣ ಮಂಟಪದ ಬಾಗಿಲು ಕಿಟಕಿ ಧಡಧಡ ಮುಚ್ಚಿದವು. ಇನ್ನು ಮೂರೂವರೆಯ ತನಕ ಹೊರಗೆ ಕಾಲಿಡುವಂತಿಲ್ಲ.

ಅವರು ಕಂಬಕ್ಕೊರಗಿ ಜಮಖಾನೆಯ ಮೇಲೆ ಕುಸಿದರು. ನನ್ನನ್ನು ನೋಡಿದರು. ಏನೋ ಬೈಯಲು ಬಾಯಿ ತೆರೆದವರು, ಬೈಗಳು ಅರ್ಧಕ್ಕೆ ಬರುವಷ್ಟರಲ್ಲಿ, ಹಾಗೆಯೇ ನಿದ್ದೆ ಹೋದರು. ಎಂಥ ನಿದ್ದೆ! ಬಾಯಿ ತೆರೆದದ್ದು ತೆರೆದಂತೆ, ಟವೆಲ್ಲು ಜಾರಿ, ಪೇಟ ವಾಲಿ, ತಲೆ ಹೆಗಲಿಗೆ ಬಿದ್ದಿತ್ತು. ಎಬ್ಬಿಸಲೇ? ಹಿಂಬಾಗಿಲಿಂದ ಕಳಿಸಿಬಿಡಲೇ, ಯಾರು ಏನಾದರೂ ಅಂದುಕೊಳ್ಳಲಿ? ಅವರ ತೋಳಿನ ಹತ್ತಿರ ಕೈ ಒಯ್ದೆ. ಆ ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ. ಒಯ್ದ ಕೈಯನ್ನು ಹಿಂದೆ ತೆಗೆದುಕೊಂಡೆ, ಟವೆಲ್ಲನ್ನು ಸರಿಯಾಗಿ ಹೊದಿಸಿದೆ. ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ, ಮುನ್ನೂರು ಜನರ ಗೊರಕೆಯ ನಡುವೆ ಒಬ್ಬಳೇ ಎದ್ದು ಕುಳಿತಿದ್ದೆ.

ಮೂರೂವರೆಯ ಭೋಂಗಾ ಮುಗಿಯುವ ಮೊದಲೇ ನಾನು ಬೀದಿಯಲ್ಲಿದ್ದೆ. "ಏನಾತು? ಎಲ್ಲಿಗೆ?" ಎನ್ನುತ್ತ ನಮ್ಮವರು ಹಿಂದೆ ಓಡಿಬಂದರು. ಓಡುತ್ತಲೇ ಎಲ್ಲ ಹೇಳಿದೆ. ಅವರು ದಾರಿಯ ನಡುವೆ ನಿಂತುಬಿಟ್ಟರು.

"ಒಂದು ತಿಂಗಳಿಂದ ಗೊತ್ತಿತ್ತು. ನಂಗ ಹೇಳಲಿಲ್ಲ ನೀನು?"

"ಹೇಳಿದ್ರ ಬರೀತಿದ್ರಿ."

"ಬರೀತಿದ್ದೆ" ಎಂದು ಒಪ್ಪಿಕೊಂಡರು, ನೋವಿನಿಂದಲೇ. ಆಮೇಲೆ ನನಗಿಂತ ಮುಂದೆ ಓಡಿದರು.

ಹಿತ್ತಲ ಬಾಗಿಲು ತಳ್ಳಿದೆವು. ಗಿಡ ಅಲ್ಲೇ ಇತ್ತು. ನಮ್ಮವರು ಮಲಗಿ ಟೇಪು ಹಿಡಿದು ಕಲ್ಲಿನಿಂದ ಅಳೆದರು, ಗೋಡೆಯಿಂದ ಅಳೆದರು. ಒಂದು ನೂಲಿನಷ್ಟೂ ಸರಿದಿರಲಿಲ್ಲ.

ನಾವು ಮಂಟಪಕ್ಕೆ ವಾಪಸು ಬರುವಾಗ ಬಸವಣ್ಣೆಪ್ಪನವರು ಆಗತಾನೇ ಎದ್ದಿದ್ದರು, ಕೆನ್ನೆಯ ಮೇಲೆ ಕಂಬದ ಕೆತ್ತನೆಯ ಗುರುತು. ಗಡಿಯಾರ ನೋಡಿದವರೇ ಬೆಚ್ಚಿ ಗೋಡೆ ಹಿಡಿದುಕೊಂಡರು.

"ಐತ್ರಿ ಅಣ್ಣಾರ" ಎಂದೆ. "ಅಲ್ಲೇ ಐತಿ."

"ಯಾರು ಕಾವಲಿದ್ರು?"

"ಯಾರೂ ಇದ್ದಿಲ್ರಿ. ಮನಿಗೆ ಕೀಲಿ ಇತ್ತು."

"ಕೀಲಿ ನನ್ನ ಕಡೆ ಐತಲ್ಲ!"

"ಹಿತ್ತಲ ಬಾಗಲಾ ತಳ್ಳಿ ಹೋದಿವ್ರಿ. ಚಿಲಕ ಮುರೀತು" ಎಂದು ನಮ್ಮವರು ನೆಲ ನೋಡುತ್ತ ಹೇಳಿದರು. ಸುಳ್ಳು ಅವರಿಂದ ಆಗುವುದಿಲ್ಲ.

ಚಿಲಕದ ಮಾತು ಬಸವಣ್ಣೆಪ್ಪನವರ ಕಿವಿಗೆ ಬೀಳಲಿಲ್ಲ. ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು. ಬೀಗರು, ಬಿಜ್ಜರು, ಮದುಮಕ್ಕಳು ಎಲ್ಲರೂ ತಿರುಗಿ ನೋಡುವಂತೆ ಕಂಬದ ಮೇಲಿನ ದನಿಯಲ್ಲಿ ಕೂಗಿದರು: "ಅಂದ್ರ ಏಳು ವರ್ಷ ನಾ ಸುಮ್ಮಸುಮ್ಮನ ನಿದ್ದಿ ಕೆಟ್ಟಂಗಾತೇನು!"

ಪೇಟ ಅಲ್ಲೇ ಬಿಟ್ಟು ಮನೆಗೆ ನಡೆದರು. ನಾವು ಹಿಂದೆ, ನಮ್ಮ ಹಿಂದೆ ಬಾಸಿಂಗ ಕಟ್ಟಿಕೊಂಡೇ ನೀಲಗಂಗಾ, ಮಲ್ಲೇಶಿ. ಹಿತ್ತಲಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಆ ಕಿರುಬೆರಳುದ್ದದ ಗಿಡದ ಮುಂದೆ ನಿಂತು ಬೈಯಲು ಶುರು ಮಾಡಿದರು. ಬಿಸಿಲಿಗೆ ಬೈದರು, ನೊಣಕ್ಕೆ ಬೈದರು, ಉರಿಯುವ ಕಣ್ಣಿಗೆ ಬೈದರು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ಇರಾಕ ಬಂದಾಕಿ ಇರ್ತೇನಿ ಅಂತ ಮೊದಲ ಹೇಳಾಕ ಏನಾಗಿತ್ತು ನಿಂಗ?" ಎಂದು ಕೊನೆಗೊಮ್ಮೆ ಗದರಿಸಿ, ಹೆಗಲ ಟವೆಲ್ಲನ್ನು ಸುತ್ತಿ ದಿಂಬು ಮಾಡಿಕೊಂಡರು. ಒಗೆಯುವ ಕಲ್ಲಿನ ಪಕ್ಕದ ತಂಪು ಚಪ್ಪಡಿಯ ಮೇಲೆ, ಗಿಡಕ್ಕೆ ಬೆನ್ನು ಮಾಡಿ ಮಲಗಿದರು.